ಹಾರೆ ಹಿಡಿದ ಕೈಗಳ ಚರಿತ್ರೆ



ಆಯುಧಪೂಜೆ ದಿನ ಹಾರೆಗೆ ಅರಿಶಿನ ಕುಂಕುಮ ಹಚ್ತಾರೆ, ಹೂ ಇಡ್ತಾರೆ. ಆದ್ರೆ ಅದೇ ಹಾರೆ ಹಿಡಿದು ದುಡಿದ ಕೈಗೆ ಮಾತ್ರ ನೀರನ್ನ ದೂರದಿಂದ, ಮೇಲಿಂದ ಹುಯ್ದರು. ಇವತ್ತು ಆ ಕಬ್ಬಿಣದ ಬಗ್ಗೆ, ಆ ಕೈಗಳ ಬಗ್ಗೆ ಸ್ವಲ್ಪ ಮಾತಾಡೋಣ.

ಹಾರೆ ಅನ್ನೋದು ಸಂಸ್ಕೃತದಿಂದ ಎರವಲು ತಂದ ಪದ ಅಲ್ಲ. ಹಳಗನ್ನಡದಲ್ಲಿ ಅದು ‘ಪಾರೆ’. ಪಾಲು ಹಾಲಾದಂಗೆ, ಪಾವು ಹಾವಾದಂಗೆ ಪಾರೆ ಹಾರೆಯಾಯ್ತು. ತಮಿಳಲ್ಲಿ ಪಾರೈ, ಕಡಪ್ಪಾರೈ. ಮಲಯಾಳದಲ್ಲಿ ಪಾರ. ತೆಲುಗಿನಲ್ಲಿ ಬರೀ ‘ಪಾರ’ ಅಂದ್ರೆ ಸಲಿಕೆ, ‘ಗಡ್ಡಪಾರ’ ಅಂದ್ರೆ ಹಾರೆ. ಅಂದ್ರೆ ಇದು ದ್ರಾವಿಡ ನುಡಿಗಳ ಸ್ವಂತ ಮಾತು, ಮಣ್ಣಲ್ಲಿ ದುಡಿದವರ ಬಾಯಲ್ಲಿ ಬದುಕಿದ ಮಾತು. ನಮ್ಮಲ್ಲೇ ಕೆಲವು ಕಡೆ ಗಡಾರಿ ಅಂತಾರೆ, ಉತ್ತರದ ಕಡೆ ಹಾರಿ ಅಂತಾರೆ.

ಇದರ ಕೆಲಸ ಎರಡು: ಅಗೆಯೋದು, ಮೀಟೋದು. ಬಂಡೆಯಡಿ ತುದಿ ಕೊಟ್ಟು, ಪಕ್ಕದಲ್ಲೊಂದು ಸಣ್ಣ ಕಲ್ಲು ಆನಿಸಿ ಇನ್ನೊಂದು ತುದಿ ಒತ್ತಿದರೆ ಹತ್ತಾಳು ಎತ್ತಲಾಗದ್ದು ಅಲುಗುತ್ತೆ. ಶಾಲೆಯಲ್ಲಿ ಸನ್ನೆಗೋಲು ಅಂತ ಪಾಠ ಮಾಡ್ತಾರಲ್ಲ, ಅದೇ ಇದು. ಓದು ಬರಹ ನಿರಾಕರಿಸಲ್ಪಟ್ಟ ಜನ ಆ ವಿಜ್ಞಾನವನ್ನ ತಲೆತಲಾಂತರದಿಂದ ಕೈಯಲ್ಲೇ ಕಾಪಾಡಿಕೊಂಡು ಬಂದರು.

ಕನ್ನಡದಲ್ಲಿ ವೀಣೆಯನ್ನೂ ‘ಮೀಟು’ತ್ತಾರೆ, ಬಂಡೆಯನ್ನೂ ‘ಮೀಟು’ತ್ತಾರೆ. ಭಾಷೆ ಇಬ್ಬರಿಗೂ ಒಂದೇ ಕ್ರಿಯಾಪದ ಕೊಟ್ಟಿತು. ಜಾತಿ ಮಾತ್ರ ವೀಣೆಯವರಿಗೆ ವಿದ್ವಾಂಸ ಅಂದಿತು, ಬಂಡೆಯವರಿಗೆ ಮುಟ್ಟಬೇಡ ಅಂದಿತು.

ಬಾವಿ, ಕೆರೆ ತೋಡಿದ ಜನಕ್ಕೇ ಅದರ ನೀರು ಮುಟ್ಟೋ ಹಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನ ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಈ ಅನ್ಯಾಯದ ಬುಡಕ್ಕೆ ಹಾಕಿದ ಹಾರೆ.

ಕೋಲಾರದ ಚಿನ್ನದ ಗಣಿ ನೋಡಿ. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಬಂಡೆ ಒಡೆದವರಲ್ಲಿ ದೊಡ್ಡ ಪಾಲು ತಮಿಳು ದಲಿತರು. ಚಿನ್ನ ಬೇರೆಯವರ ಪಾಲಾಯ್ತು, ಇವರ ಶ್ವಾಸಕೋಶಕ್ಕೆ ಕಲ್ಲಿನ ದೂಳು ಉಳೀತು. ಆದರೆ ಅದೇ ಜನ ಮಾರಿಕುಪ್ಪಂನಲ್ಲಿ ಪಂಡಿತ ಅಯೋಥಿದಾಸರ ದಾರಿಯಲ್ಲಿ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಳ್ಳೋದಕ್ಕೆ ಎಷ್ಟೋ ದಶಕ ಮೊದಲೇ! ಗಣಿ 2001ರಲ್ಲಿ ಮುಚ್ಚಿತು. ಈ ಚರಿತ್ರೆ ಮುಚ್ಚಿಹೋಗಬಾರದು.

ಇನ್ನು ಇವತ್ತಿನ ಹಾರೆ. ನಗರದ ಬೀದಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಮೀಟೋದೂ ಇದೇ ಹಾರೆ. ಮಲಹೊರುವ ಪದ್ಧತಿ ವಿರುದ್ಧ 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿದೆ, ಗುಂಡಿಗೆ ಇಳಿಯೋರ ಜಾತಿ ಬದಲಾಗಿಲ್ಲ.

ಹಾರೆಯನ್ನ ಪೂಜೆ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಬೀದಿಯಲ್ಲಿ ಯಾರಾದ್ರೂ ಮುಚ್ಚಳ ಮೀಟಿ ಒಳಗಿಳಿಯೋದು ಕಂಡ್ರೆ ಅಲ್ಲೇ ನಿಂತು ತಡೀರಿ, ಕಳಿಸಿದವರು ಯಾರು ಅಂತ ಕೇಳಿ, ದೂರು ಕೊಡಿ. ಎಷ್ಟೇ ದೊಡ್ಡ ಬಂಡೆಯಾದ್ರೂ ಆನಿಕೆಗೊಂದು ಸಣ್ಣ ಕಲ್ಲು ಬೇಕು. ಆ ಕಲ್ಲು ನಾವಾಗೋಣ.

ಜೈ ಭೀಮ್.