ಪಿಂಪ್ರಿಯ ಮಣ್ಣು ಹೇಳುವ ಕಥೆ

ಮೊದಲ ಮಳೆಗೆ ನೆಲದಿಂದೇಳುವ ಕಂಪನ್ನು ಊರು ಬಿಟ್ಟು ಬಂದ ನಾವು ಯಾರೂ ಮರೆತಿಲ್ಲ. ಆ ಕಂಪಿಗೆ ಕಾರಣವಾದವುಗಳಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಮುಖ್ಯವಾದವು. ಕ್ಷಯವೆಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಆಲ್ಬರ್ಟ್ ಷಾಟ್ಜ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಅವರಿಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಈ ಜೀವಿಗಳಿಂದಲೇ.

ಈ ಇತಿಹಾಸದಲ್ಲಿ ಪುಣೆಯ ಪಕ್ಕದ ಪಿಂಪ್ರಿಗೂ ಪಾಲುಂಟು. ಅಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅದರ ಸಂಶೋಧನಾ ವಿಭಾಗದಲ್ಲಿ ನಮ್ಮ ನಾಡಿನವರೇ ಆದ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದಲ್ಲಿ ಶಿಲೀಂಧ್ರ ರೋಗಗಳಿಗೆ ಹಮೈಸಿನ್ ಎಂಬ ಔಷಧವನ್ನು ಕೊಟ್ಟರು. ಅದನ್ನು ತಯಾರಿಸುವ ಜೀವಿಗೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ!

ಕಣ್ಣಿಗೆ ಕಾಣದ ಈ ಜೀವಿ ಔಷಧವನ್ನು ಮಾಡುವುದಾದರೂ ಹೇಗೆ? ಇದಕ್ಕೆ ಉತ್ತರ ಹುಡುಕುವುದರಲ್ಲೇ ಇಂಗ್ಲೆಂಡಿನ ಡೇವಿಡ್ ಹಾಪ್‌ವುಡ್ ತಮ್ಮ ಜೀವಮಾನವನ್ನು ಕಳೆದರು. ಒಂದು ಆಂಟಿಬಯೋಟಿಕ್ ತಯಾರಿಸಲು ಬೇಕಾದ ಜೀನುಗಳೆಲ್ಲ ಒಂದೇ ಕಡೆ ಸಾಲಾಗಿ ಇರುತ್ತವೆಂದು 1984ರಲ್ಲಿ ಅವರ ತಂಡ ತೋರಿಸಿಕೊಟ್ಟಿತು. ಸಾಮಾನ್ಯವಾಗಿ ಅದೇ ಸಾಲಿನಲ್ಲಿ, ತಾನು ಮಾಡಿದ ವಿಷದಿಂದ ತನ್ನನ್ನೇ ಕಾಪಾಡಿಕೊಳ್ಳುವ ಜೀನೂ ಇರುತ್ತದೆ. ಅಡುಗೆಯ ಸಾಮಾನೆಲ್ಲ ಒಂದೇ ಗೂಡಿನಲ್ಲಿದ್ದರೆ ಗೂಡನ್ನೇ ಪಕ್ಕದ ಮನೆಗೆ ಕೊಡಬಹುದಲ್ಲವೇ? ಈ ಜೀವಿಗಳಲ್ಲೂ ಜೀನುಗಳ ಸಾಲು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ, ನಕಲಾಗುತ್ತದೆ, ಬೆರೆಯುತ್ತದೆ. ಯುಗಯುಗಗಳಿಂದ ಹೊಸ ಔಷಧಗಳು ಹುಟ್ಟಿದ್ದು ಹೀಗೆಯೇ. 1985ರಲ್ಲಿ ಹಾಪ್‌ವುಡ್ ಮತ್ತು ಸಹೋದ್ಯೋಗಿಗಳು ಬೇರೆ ಬೇರೆ ಜೀವಿಗಳ ಜೀನುಗಳನ್ನು ಕೂಡಿಸಿ, ಅದುವರೆಗೆ ಇಲ್ಲದಿದ್ದ ಆಂಟಿಬಯೋಟಿಕ್ ಒಂದನ್ನು ಪಡೆದರು.

2002ರಲ್ಲಿ ಮತ್ತೊಂದು ಅಚ್ಚರಿ ಕಾದಿತ್ತು. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಪ್ರಭೇದದ ಸುಮಾರು 7,800 ಜೀನುಗಳನ್ನೂ ಓದಿದಾಗ, ಇಂಥ ಸಾಲುಗಳು 20ಕ್ಕೂ ಹೆಚ್ಚು ಕಂಡವು. ಅದುವರೆಗೆ ಗೊತ್ತಿದ್ದವು ಕೆಲವೇ. ಉಳಿದವುಗಳಲ್ಲಿ ಹಲವು ಪ್ರಯೋಗಶಾಲೆಯಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಅವುಗಳನ್ನು ಎಚ್ಚರಿಸುವ ಕೆಲಸ ಇಂದಿಗೂ ನಡೆದಿದೆ.

ಆದರೆ ಕಾಪಾಡಿಕೊಳ್ಳುವ ಜೀನುಗಳು ರೋಗಾಣುಗಳಿಗೂ ದಾಟಬಲ್ಲವು ಎಂಬುದನ್ನು ನಾವು ಮರೆಯಬಾರದು. ನೆಗಡಿಗೆಲ್ಲ ಆಂಟಿಬಯೋಟಿಕ್ ನುಂಗುವುದು, ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತರುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ನಾವು ಹಾಗೆ ಮಾಡಿದಷ್ಟೂ ಔಷಧಕ್ಕೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುತ್ತವೆ. ಮಣ್ಣಿನಲ್ಲಿ ಇನ್ನೂ ಔಷಧವಿದೆ, ನಿಜ. ಅದನ್ನು ಹೊರತೆಗೆಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಜೋಪಾನ ಮಾಡುವ ಹೊಣೆ ನಮ್ಮ ಮೇಲೂ ಇದೆ.