ಯುನಿಕ್ಸ್ ಡೆಸ್ಕ್‌ಟಾಪ್‌ನಲ್ಲಿ ಆವೃತ್ತಿ ನಿಯಂತ್ರಣದ ಚಿತ್ರಾತ್ಮಕ ಕ್ಲೈಂಟ್‌ಗಳು
ಕಡತವೊಂದನ್ನು ಯಾರು, ಯಾವಾಗ, ಹೇಗೆ ಬದಲಿಸಿದರು ಎಂಬ ಲೆಕ್ಕವಿಡುವುದೇ ಆವೃತ್ತಿ ನಿಯಂತ್ರಣ. ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಆರಂಭಿಸಿದ ಎಸ್‌ಸಿಸಿಎಸ್, ವಾಲ್ಟರ್ ಟಿಚಿಯವರ ಆರ್‌ಸಿಎಸ್ (1982), ಡಿಕ್ ಗ್ರೂನ್ ಅವರ ಸಿವಿಎಸ್ (1986) ಎಲ್ಲವೂ ಆದೇಶಗಳನ್ನು ಟೈಪಿಸಿ ನಡೆಸುವಂಥವು. ಕಿಟಕಿ, ಗುಂಡಿಗಳುಳ್ಳ ಕ್ಲೈಂಟ್‌ಗಳು ತಡವಾಗಿ ಬಂದವು: 1990ರ ದಶಕದ ಟಿಕೆಸಿವಿಎಸ್, ಆಮೇಲೆ ಕೆಡಿಇ ಡೆಸ್ಕ್‌ಟಾಪ್‌ನ ಸರ್ವಿಸಿಯಾ. ವಿಂಡೋಸ್‌ನಲ್ಲಿ ಸಬ್‌ವರ್ಶನ್ (ಎಸ್‌ವಿಎನ್) ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಗಾಗಿ ಕಡತಗಳ ಕಿಟಕಿಯೊಳಗೇ ಕೆಲಸ ಮಾಡುವ ಟಾರ್ಟಾಯ್ಸ್‌ಎಸ್‌ವಿಎನ್ ಜನಪ್ರಿಯವಾದಾಗ, ಅದರ ಜಾಡಿನಲ್ಲಿ ಲಿನಕ್ಸ್‌ನ ಕಡತ ನಿರ್ವಾಹಕ ನಾಟಿಲಸ್‌ಗೆ ರ‍್ಯಾಬಿಟ್‌ವಿಸಿಎಸ್ ಹುಟ್ಟಿತು.

2005ರ ಏಪ್ರಿಲ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶವನ್ನು ಬರೆದರು. ಅದೇ ವರ್ಷ ಪಾಲ್ ಮೆಕೆರಸ್ ಅವರ ಗಿಟ್‌ಕೆ ಬಂತು. ಶಾಖೆಗಳ ಇತಿಹಾಸವನ್ನು ಬಣ್ಣದ ಗೆರೆಗಳಲ್ಲಿ ತೋರಿಸುವ ಅದು ಇಂದಿಗೂ ಗಿಟ್ ಜೊತೆಗೇ ಸಿಗುತ್ತದೆ. ಕ್ಯೂಗಿಟ್, ಗಿಟ್‌ಜಿ, ಗಿಟ್-ಕೋಲಾ ಹಿಂಬಾಲಿಸಿದವು. ಸ್ಮಾರ್ಟ್‌ಗಿಟ್, ಗಿಟ್‌ಕ್ರಾಕನ್‌ನಂಥ ವಾಣಿಜ್ಯ ತಂತ್ರಾಂಶಗಳಿಗೂ ಲಿನಕ್ಸ್ ಆವೃತ್ತಿಗಳಿವೆ, ಸೋರ್ಸ್‌ಟ್ರೀಗೆ ಇಲ್ಲ.

ಇಂಗ್ಲಿಷ್‌ನಲ್ಲಷ್ಟೇ ಬರೆಯುವವರಿಗೆ ಟರ್ಮಿನಲ್ಲೋ ಚಿತ್ರಾತ್ಮಕ ಕ್ಲೈಂಟೋ ಎಂಬ ಆಯ್ಕೆ ರುಚಿಯ ಮಾತು. ಕನ್ನಡದಲ್ಲಿ ಹಾಗಲ್ಲ. ಈರೋಡು ಜಿಲ್ಲೆಯ ಕನ್ನಡ ಸೀಮೆಯಾದ ತಾಳವಾಡಿಯ ಹೆಸರನ್ನೇ ಕಡತಕ್ಕೆ ಇಟ್ಟು ನೋಡಬಹುದು. ಏಳು ಸಂಕೇತಗಳ ಆ ಹೆಸರು ಯುಟಿಎಫ್-8ರಲ್ಲಿ 21 ಬೈಟ್. ಗಿಟ್‌ನ ಮೂಲ ಹೊಂದಾಣಿಕೆಯಲ್ಲಿ ಟರ್ಮಿನಲ್ ಅದನ್ನು \340\262\244 ಎಂದು ಶುರುವಾಗುವ ಅಂಕಿಗಳ ಸಾಲಾಗಿ ತೋರಿಸುತ್ತದೆ. ‘ಕೋರ್.ಕೋಟ್‌ಪಾತ್’ ಎಂಬ ಹೊಂದಾಣಿಕೆಯನ್ನು ನಿಲ್ಲಿಸಿದರೆ ಹೆಸರೇನೋ ಕಾಣುತ್ತದೆ, ಆದರೆ ಸಮ ಅಗಲದ ಚೌಕಗಳಲ್ಲಿ ಅಕ್ಷರ ಕೂರಿಸುವ ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಕೆಡುತ್ತವೆ. ಹಾಗಾಗಿ ಕನ್ನಡ ಪಠ್ಯದಲ್ಲಿ ಕೆಲಸ ಮಾಡುವವರಿಗೆ ಚಿತ್ರಾತ್ಮಕ ಕ್ಲೈಂಟ್ ಶೋಕಿಯಲ್ಲ.

ಎಲ್ಲ ಕ್ಲೈಂಟ್‌ಗಳೂ ಒಂದೇ ಅಲ್ಲ ಎಂಬುದು ಇಲ್ಲಿ ಮುಖ್ಯ. ಹೆಸರುವಾಸಿ ಗಿಟ್‌ಕೆ ಇಲ್ಲಿ ಸೋಲುತ್ತದೆ. ಅದರ ಬುನಾದಿಯಾದ, ಕಿಟಕಿ-ಗುಂಡಿಗಳನ್ನು ರಚಿಸುವ ಟಿಕೆ, ಲಿನಕ್ಸ್‌ನಲ್ಲಿ 8.6ನೇ ಆವೃತ್ತಿಯವರೆಗೂ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುತ್ತದೆ, ಒತ್ತು ಕೂಡುವುದಿಲ್ಲ. ಅಂಥದೇ ಜಿಟಿಕೆ ಮೇಲೆ ನಿಂತ ಗಿಟ್‌ಜಿ, ಕ್ಯೂಟಿ ಮೇಲೆ ನಿಂತ ಗಿಟ್-ಕೋಲಾಗಳ ಹಿಂದೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಯಂತ್ರವಿರುವುದರಿಂದ ಅವುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಮೆಲ್ಡ್ ಕೂಡ ಜಿಟಿಕೆಯದೇ. ಅನುವಾದದಲ್ಲಿ ಒಂದು ದೀರ್ಘ ತಪ್ಪಿದೆಯೇ ಎಂದು ನೋಡುವವರಿಗೆ ಇಷ್ಟು ಸಾಕು.

ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಅನುವಾದಕರಿಗೆ ಇನ್ನೊಂದು ತೊಡಕೂ ಇದೆ. ಗ್ನೋಮ್ ಡೆಸ್ಕ್‌ಟಾಪ್ ಯೋಜನೆ 2009ರಲ್ಲಿ ಸಬ್‌ವರ್ಶನ್ ಬಿಟ್ಟು ಗಿಟ್‌ಗೆ ಬಂತು. ಕೆಡಿಇಯ ಮೂಲಸಂಕೇತವೂ ಗಿಟ್‌ಗೆ ಹೋಯಿತು, ಆದರೆ ಕನ್ನಡವೂ ಸೇರಿ ಅದರ ಅನುವಾದಗಳು ಸಬ್‌ವರ್ಶನ್‌ನಲ್ಲೇ ಉಳಿದವು. ಅಲ್ಲಿ ಗಿಟ್‌ಗೆ ಮಾತ್ರ ಮಾಡಿದ ಕ್ಲೈಂಟ್ ಉಪಯೋಗಕ್ಕೆ ಬಾರದು; ಕೆಡಿಇಎಸ್‌ವಿಎನ್ ಅಥವಾ ಗಿಟ್, ಸಬ್‌ವರ್ಶನ್ ಎರಡನ್ನೂ ಬಲ್ಲ ರ‍್ಯಾಬಿಟ್‌ವಿಸಿಎಸ್ ಬೇಕು.