ಮರದ ತೋಳುಕುರ್ಚಿ ತಯಾರಿಕೆ ಮತ್ತು ಮೆತ್ತೆ ಹೊದಿಕೆ: ಬಡಗಿಗಳಿಗೆ ಹಾಗೂ ಮಾಡಿಸುವವರಿಗೆ ಮಾಹಿತಿ

ಪೀಠಿಕೆ

ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬಡಗಿ ವೃತ್ತಿಯು ಬಹುಕಾಲ ಕೃಷಿಯನ್ನೇ ಆಶ್ರಯಿಸಿತ್ತು. ನೇಗಿಲು, ಕುಂಟೆ, ಎತ್ತಿನ ಗಾಡಿ ಮತ್ತು ಬಾಗಿಲುವಾಡಗಳು ಊರಿನ ಬಡಗಿಯ ನಿತ್ಯದ ಕೆಲಸಗಳಾಗಿದ್ದವು. ಶಿಡ್ಲಘಟ್ಟದಂತಹ ರೇಷ್ಮೆಯ ಊರುಗಳಲ್ಲಿ ನೂಲು ಬಿಚ್ಚುವ ಚರಕದ ಮರದ ಭಾಗಗಳೂ ಇವುಗಳೊಡನೆ ಸೇರಿದ್ದವು. ಟ್ರ್ಯಾಕ್ಟರ್ ಮತ್ತು ಕಬ್ಬಿಣದ ಉಪಕರಣಗಳು ಬಂದ ನಂತರ ಈ ಕೆಲಸಗಳು ಕಡಿಮೆಯಾದವು. ಕೈಕೆಲಸವನ್ನೇ ನಂಬಿರುವ ಬಡಗಿಗೆ ಇಂದು ಉಳಿದಿರುವ ಮುಖ್ಯ ಕೆಲಸಗಳಲ್ಲಿ ಪೀಠೋಪಕರಣ ತಯಾರಿಕೆಯೂ ಒಂದು. ಪೀಠೋಪಕರಣಗಳ ಪೈಕಿ ಬಡಗಿಯ ಕೈಚಳಕವನ್ನು ಹೆಚ್ಚಾಗಿ ಪರೀಕ್ಷಿಸುವುದು ತೋಳುಕುರ್ಚಿ, ಅಂದರೆ ಎರಡು ಬದಿಗೂ ಕೈ ಇರುವ, ಮೆತ್ತೆ ಹೊದಿಸಿದ ಕುರ್ಚಿ.

ಇಂತಹ ಕುರ್ಚಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಭಾಗಗಳನ್ನು ಅವಲಂಬಿಸಿದೆ. ಮರ ಒಣಗಿದೆಯೇ, ಜೋಡಣೆ ಹೇಗಿದೆ, ಮೆತ್ತೆಯ ಅಡಿಯಲ್ಲಿ ಪಟ್ಟಿ ಬಿಗಿಯಾಗಿದೆಯೇ ಎಂಬುದನ್ನು ಹೊದಿಕೆ ಮುಚ್ಚಿದ ಮೇಲೆ ನೋಡಲು ಸಾಧ್ಯವಿಲ್ಲ. ಹೀಗಾಗಿ ಕುರ್ಚಿ ಮಾಡಿಸುವವರು ಮೆತ್ತೆ ಹೊದಿಸುವ ಮುನ್ನ ಒಮ್ಮೆ ಕಾರ್ಯಾಗಾರಕ್ಕೆ ಹೋಗಿ ಬರಿಯ ಚೌಕಟ್ಟನ್ನು ನೋಡುವುದು ಸೂಕ್ತ. ಒಳ್ಳೆಯ ಬಡಗಿಯು ಇದಕ್ಕೆ ಬೇಸರಿಸುವುದಿಲ್ಲ.

ಮರದ ಆಯ್ಕೆ ಮತ್ತು ಅನುಮತಿ

ತೇಗ, ಹಲಸು, ಹೊನ್ನೆ ಮತ್ತು ಬೇವು ಕುರ್ಚಿಯ ಚೌಕಟ್ಟಿಗೆ ಯೋಗ್ಯವಾದ ಮರಗಳು. ಮರದ ಒಳಭಾಗದ ಚೇಗನ್ನು ಮಾತ್ರ ಬಳಸತಕ್ಕದ್ದು. ತೊಗಟೆಯ ಪಕ್ಕದ ಬಿಳಿಯ ಭಾಗವು ಯಾವ ಜಾತಿಯ ಮರದ್ದಾದರೂ ಹುಳುವಿಗೆ ಬೇಗ ತುತ್ತಾಗುತ್ತದೆ. ಚಿಂತಾಮಣಿ ಭಾಗದಲ್ಲಿ ಹಳೆಯ ಮಾವಿನ ತೋಪು ತೆಗೆದಾಗ ಮಾವಿನ ಹಲಗೆ ಕಡಿಮೆ ಬೆಲೆಗೆ ದೊರೆಯುವುದುಂಟು. ಮಾವು ಕೆತ್ತಲು ಸುಲಭವಾದರೂ ಹುಳು ಹಿಡಿಯುವ ಮರವಾದ್ದರಿಂದ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ಉಪಚರಿಸದೆ ಅದನ್ನು ಬಳಸಬಾರದು. ನೀಲಗಿರಿಯು ಒಣಗುವಾಗ ತಿರುಚಿಕೊಂಡು ಸೀಳುತ್ತದೆ. ಕುರ್ಚಿಯ ಕಾಲಿಗೆ ಅದು ತಕ್ಕ ಮರವಲ್ಲ.

ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಸಿ ಕುರ್ಚಿ ಮಾಡಿಸಬೇಕೆಂಬ ಅಪೇಕ್ಷೆ ಹಲವರಿಗಿರುತ್ತದೆ. ತಮ್ಮ ಮರಕ್ಕೆ ಅನುಮತಿ ಬೇಡವೆಂದು ಭಾವಿಸುವುದು ಸರಿಯಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಖಾಸಗಿ ಜಮೀನಿನಲ್ಲಿರುವ ಮರವನ್ನು ಕಡಿಯುವ ಮುನ್ನ ವೃಕ್ಷಾಧಿಕಾರಿಯವರ ಅನುಮತಿ ಪಡೆಯಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ತೇಗ, ಹೊನ್ನೆಗಳು ವಿನಾಯಿತಿಯಲ್ಲಿ ಸೇರಿಲ್ಲ. ಅರ್ಜಿಯೊಂದಿಗೆ ಜಮೀನಿನ ಪಹಣಿಯನ್ನು ಲಗತ್ತಿಸಿ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬಹುದು. ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವ ಷರತ್ತು ಅನುಮತಿಯೊಂದಿಗೆ ಬರುತ್ತದೆ. ಕಡಿದ ದಿಮ್ಮಿಯನ್ನು ಕೊಯ್ಯುವ ಮಿಲ್ಲಿಗೆ ಸಾಗಿಸಲು ಸಾಗಾಣಿಕೆ ರಹದಾರಿ ಬೇಕೇ ಎಂಬುದನ್ನು ಅದೇ ಸಮಯದಲ್ಲಿ ಕೇಳಿ ತಿಳಿಯುವುದು ಕ್ಷೇಮ. ದಾರಿಯಲ್ಲಿ ತಡೆದ ಮೇಲೆ ಮಾಡಬಹುದಾದುದು ಹೆಚ್ಚಿಲ್ಲ.

ಮರ ಒಣಗಿಸುವುದು

ಕುರ್ಚಿ ಸಡಿಲವಾಗುವುದಕ್ಕೆ ಹಸಿ ಮರವೇ ಪ್ರಮುಖ ಕಾರಣ. ಮರವು ಒಣಗುವಾಗ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಸಿಯಿದ್ದಾಗ ಬಿಗಿಯಾಗಿ ಕುಳಿತ ಜೋಡಣೆಯು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅಲುಗಾಡಲು ಇದೇ ಕಾರಣ. ಜಿಲ್ಲೆಯ ಹವೆ ಒಣಹವೆ. ಕರಾವಳಿಯಲ್ಲಿ ಅಥವಾ ಮಲೆನಾಡಿನಲ್ಲಿ ಒಣಗಿದೆ ಎನಿಸಿಕೊಂಡ ಮರವು ಗೌರಿಬಿದನೂರಿನ ಮಾರ್ಚ್, ಏಪ್ರಿಲ್ ತಿಂಗಳ ಗಾಳಿಗೆ ಇನ್ನಷ್ಟು ಕುಗ್ಗುತ್ತದೆ. ಇಲ್ಲಿನ ಬಳಕೆಗೆ ಮರದ ತೇವಾಂಶವು ಸುಮಾರು ಶೇ. 10ರಿಂದ 12ರಷ್ಟಿದ್ದರೆ ಒಳ್ಳೆಯದು.

ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ನಡುನಡುವೆ ಸಮ ದಪ್ಪದ ರೀಪು ಇಟ್ಟು ಒಂದರ ಮೇಲೊಂದು ಜೋಡಿಸಬೇಕು. ರೀಪುಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿರಬೇಕು, ಇಲ್ಲವಾದಲ್ಲಿ ಹಲಗೆ ಬಾಗುತ್ತದೆ. ಹಲಗೆಯ ಎರಡೂ ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿದರೆ ತುದಿ ಸೀಳುವುದು ತಪ್ಪುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಒಣಹವೆಯ ಪ್ರದೇಶದಲ್ಲಿ ಇದಕ್ಕಿಂತ ಬೇಗ ಒಣಗಬಹುದಾದರೂ ಲೆಕ್ಕವನ್ನು ನಂಬುವ ಬದಲು ತೂಕವನ್ನು ನಂಬುವುದು ಮೇಲು. ರಾಶಿಯ ನಡುವಿನಿಂದ ಒಂದು ತುಂಡನ್ನು ತೆಗೆದು ಹದಿನೈದು ದಿನಗಳಿಗೊಮ್ಮೆ ತೂಗಿ, ತೂಕವನ್ನು ಆ ತುಂಡಿನ ಮೇಲೆಯೇ ಬರೆದಿಡಬೇಕು. ಒಂದರ ಹಿಂದೊಂದು ಮೂರು ಬಾರಿ ತೂಕ ಇಳಿಯದಿದ್ದರೆ ಮರವು ಗಾಳಿಯೊಡನೆ ಸಮಸ್ಥಿತಿಗೆ ಬಂದಿದೆ ಎಂದರ್ಥ. ಆದರೆ ಮಳೆಗಾಲದಲ್ಲಿ ತೂಕ ಇಳಿಯದಿರುವುದನ್ನು ಒಣಗಿದ ಲಕ್ಷಣವೆಂದು ತಿಳಿಯಬಾರದು. ತೂಕದ ಪರೀಕ್ಷೆಗೆ ಜನವರಿಯಿಂದ ಮೇ ತಿಂಗಳವರೆಗಿನ ಕಾಲವೇ ಸರಿ.

ಹಳೆಯ ಮನೆ ಕೆಡವಿದಾಗ ದೊರೆಯುವ ತೊಲೆ, ಬಾಗಿಲುವಾಡಗಳ ಮರ ಈ ದೃಷ್ಟಿಯಿಂದ ಬಹಳ ಉತ್ತಮ. ಅದರಲ್ಲಿನ ಮೊಳೆಗಳನ್ನು ಹುಡುಕಿ ತೆಗೆಯುವ ಶ್ರಮವೊಂದೇ ಹೆಚ್ಚು.

ಚೌಕಟ್ಟು

ಆಸನದ ಎತ್ತರ ಮೆತ್ತೆ ಸೇರಿ 16ರಿಂದ 17 ಅಂಗುಲ, ಅಗಲ ಹಾಗೂ ಆಳ ಸುಮಾರು 20 ಅಂಗುಲ, ಆಸನದಿಂದ ಕೈಗಳ ಎತ್ತರ 8ರಿಂದ 9 ಅಂಗುಲ ಇರುವುದು ರೂಢಿ. ಇವು ಸಾಮಾನ್ಯ ಅಳತೆಗಳು. ಮನೆಯ ಹಿರಿಯರಿಗಾಗಿ ಮಾಡಿಸುವ ಕುರ್ಚಿಯಾದರೆ ಅವರನ್ನು ಕೂರಿಸಿ ಮೊಣಕಾಲಿನ ಎತ್ತರ ಅಳೆಯುವುದು ಉಚಿತ. ಮಂಡಿನೋವು ಇರುವವರಿಗೆ ಆಸನವು ಎರಡು ಅಂಗುಲ ಎತ್ತರವಿದ್ದು, ಕೈಗಳು ಮುಂದಿನ ಕಾಲಿನವರೆಗೂ ಚಾಚಿರಬೇಕು. ಏಳುವಾಗ ಒತ್ತಿ ಹಿಡಿಯಲು ಆಧಾರವಾಗುವುದು ಕೈಗಳ ಆ ತುದಿಯೇ.

ಕುರ್ಚಿಯ ಮೇಲೆ ಬೀಳುವ ಭಾರದಲ್ಲಿ ಅತಿ ಹೆಚ್ಚಿನ ಪಾಲನ್ನು ತಾಳುವುದು, ಆಸನದ ಬದಿಯ ಅಡ್ಡಪಟ್ಟಿಯು ಹಿಂಗಾಲನ್ನು ಸೇರುವ ಜಾಗ. ಕುಳಿತವರು ಹಿಂದಕ್ಕೆ ಒರಗಿದಾಗಲೆಲ್ಲ ಈ ಜೋಡಣೆ ಬಿಚ್ಚಿಕೊಳ್ಳಲು ಎಳೆಯುತ್ತದೆ. ಇಲ್ಲಿ ಮೊಳೆ ಅಥವಾ ತಿರುಪು ಸಾಲದು. ಕಾಲಿನಲ್ಲಿ ಚೌಕದ ತೂತು ಕೊರೆದು, ಪಟ್ಟಿಯ ತುದಿಯನ್ನು ಅದೇ ಅಳತೆಗೆ ನಾಲಗೆಯಂತೆ ಕೆತ್ತಿ ಕೂಡಿಸುವ ಜೋಡಣೆಯೇ ಆಗಬೇಕು. ನಾಲಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗವಿರಬೇಕು. ಉದ್ದ ಒಂದೂಕಾಲು ಅಂಗುಲಕ್ಕೆ ಕಡಿಮೆಯಾಗಬಾರದು. ಅಂಟು ಹಚ್ಚದೆ ಕೂಡಿಸಿದಾಗ ಕೈಯ ಒತ್ತಡಕ್ಕೆ ಅರ್ಧ ಇಳಿದು, ಉಳಿದರ್ಧಕ್ಕೆ ಕೊಡತಿಯ ಮೆಲ್ಲನೆಯ ಪೆಟ್ಟು ಬೇಕಾದರೆ ಅಳತೆ ಸರಿಯಾಗಿದೆ.

ಅನುಭವಿ ಬಡಗಿಗಳು ಪಾಲಿಸುವ ಕ್ರಮವೊಂದಿದೆ. ನಾಲಗೆ ಇರುವ ಪಟ್ಟಿಯ ಮರವು ತೂತು ಇರುವ ಕಾಲಿನ ಮರಕ್ಕಿಂತ ತುಸು ಹೆಚ್ಚೇ ಒಣಗಿರುವಂತೆ ಅವರು ಆಯ್ದುಕೊಳ್ಳುತ್ತಾರೆ. ಕಾಲಿನ ಮರ ಮುಂದೆ ಸ್ವಲ್ಪ ಕುಗ್ಗಿದರೆ ಅದು ನಾಲಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಇದು ತಿರುವುಮುರುವಾದರೆ, ಅಂದರೆ ನಾಲಗೆ ಹಸಿಯಾಗಿದ್ದರೆ, ಎಷ್ಟು ಅಂಟು ಸುರಿದರೂ ಪ್ರಯೋಜನವಿಲ್ಲ.

ಹಿಂದಕ್ಕೆ ಬಾಗಿದ ಹಿಂಗಾಲನ್ನು ನೇರ ಎಳೆಯ ಹಲಗೆಯಿಂದ ಕೊಯ್ದಾಗ, ಬಾಗು ಇರುವಲ್ಲಿ ಎಳೆಗಳು ತುಂಡಾಗಿ ಕಾಲು ಮುರಿಯುವ ಸಂಭವವಿದೆ. ಬಾಗಿಗೆ ಹೊಂದಿಕೊಂಡು ಎಳೆ ಸಾಗುವ ಹಲಗೆಯನ್ನು ಆರಿಸುವುದು ಉತ್ತಮ. ಅದು ದೊರೆಯದಿದ್ದರೆ ಬಾಗನ್ನು ಕಡಿಮೆ ಮಾಡಬೇಕು. ಆಸನದ ನಾಲ್ಕು ಒಳಮೂಲೆಗಳಿಗೂ ತ್ರಿಕೋನದ ಮರದ ತುಂಡುಗಳನ್ನು ಅಂಟು ಹಾಗೂ ತಿರುಪಿನಿಂದ ಕೂರಿಸತಕ್ಕದ್ದು. ಈ ತುಂಡುಗಳಿಲ್ಲದ ಕುರ್ಚಿಗಳೇ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವುದು.

ಅಂಟು ಹಚ್ಚಿ ಬಿಗಿದ ಕೂಡಲೇ ಆಸನದ ಚೌಕಟ್ಟಿನ ಎರಡು ಕರ್ಣಗಳನ್ನು ದಾರದಿಂದ ಅಳೆದು ಸಮನಾಗಿವೆಯೇ ಎಂದು ನೋಡಬೇಕು. ಅಂಟು ಆರಿದ ನಂತರ ಸೊಟ್ಟವನ್ನು ತಿದ್ದಲಾಗದು. ಅರಗಿನ ಪಾಲಿಶ್ ಕೆಲಸವೆಲ್ಲ ಮೆತ್ತೆ ಹೊದಿಸುವುದಕ್ಕೆ ಮೊದಲೇ ಮುಗಿದಿರಬೇಕು.

ಮೆತ್ತೆ ಮತ್ತು ಹೊದಿಕೆ

ಮೆತ್ತೆಯ ಅಡಿಪಾಯ ಪಟ್ಟಿ. ಎರಡು ಅಂಗುಲ ಅಗಲದ ಸೆಣಬಿನ ಅಥವಾ ಗಟ್ಟಿ ನವಾರಿನ ಪಟ್ಟಿಯ ತುದಿಯನ್ನು ಮಡಚಿ, ಚೌಕಟ್ಟಿನ ಮೇಲೆ ಐದು ಸಣ್ಣ ಮೊಳೆಗಳನ್ನು ಒಂದೇ ಸಾಲಿನಲ್ಲಿ ಹೊಡೆಯದೆ ಹಿಂದೆ ಮುಂದೆ ಹೊಡೆಯಬೇಕು. ಒಂದೇ ಸಾಲಿನಲ್ಲಿ ಹೊಡೆದರೆ ಮರ ಸೀಳುತ್ತದೆ. ಇನ್ನೊಂದು ತುದಿಯನ್ನು ಮರದ ಹಿಡಿಯಿಂದ ಎಳೆದು, ಬೆರಳಿನಿಂದ ಬಡಿದಾಗ ತಮಟೆಯಂತೆ ಸದ್ದು ಬರುವಷ್ಟು ಬಿಗಿದು ಮೊಳೆ ಹಾಕಬೇಕು. ಇಪ್ಪತ್ತು ಅಂಗುಲದ ಆಸನಕ್ಕೆ ಒಂದೊಂದು ದಿಕ್ಕಿಗೆ ಆರರಿಂದ ಏಳು ಪಟ್ಟಿಗಳು ಬೇಕು. ಅವು ಮಂಚಕ್ಕೆ ನವಾರು ಹೆಣೆಯುವಂತೆ ಒಂದರ ಮೇಲೊಂದು ಕೆಳಗೊಂದು ಸಾಗಬೇಕು. ಪಟ್ಟಿಯ ಬದಲು ಪ್ಲೈವುಡ್ ಹಲಗೆ ಹಾಕುವ ಪದ್ಧತಿಯೂ ಇದೆ. ಅದು ತಪ್ಪಲ್ಲ, ಆದರೆ ಆಸನ ಗಟ್ಟಿಯಾಗುತ್ತದೆ. ಅಲ್ಲದೆ ಗಾಳಿಯಾಡಲು ಹಲಗೆಯಲ್ಲಿ ರಂಧ್ರಗಳಿಲ್ಲದಿದ್ದರೆ ಮೆತ್ತೆ ಬೇಗ ಹಾಳಾಗುತ್ತದೆ.

ಪಟ್ಟಿಯ ಮೇಲೆ ಗೋಣಿಬಟ್ಟೆ, ಅದರ ಮೇಲೆ ತೆಂಗಿನ ನಾರು, ನಾರು ಸರಿಯದಂತೆ ದಬ್ಬಳದಿಂದ ಹೊಲಿಗೆ, ಅನಂತರ ಹತ್ತಿಯ ಪದರ, ಕೋರಾ ಬಟ್ಟೆ, ಕೊನೆಗೆ ಹೊದಿಕೆ. ಇದು ಹಳೆಯ ಕ್ರಮ. ನಾರಿನ ಬದಲು ರಬ್ಬರು ಲೇಪಿತ ನಾರಿನ ಹಾಳೆ ಅಥವಾ ಫೋಮ್ ಬಳಸುವುದು ಈಗ ಸಾಮಾನ್ಯ. ಫೋಮ್ ಬಳಸುವುದಾದರೆ ದಪ್ಪಕ್ಕಿಂತ ಸಾಂದ್ರತೆ ಮುಖ್ಯ. ಆಸನಕ್ಕೆ ಘನ ಮೀಟರಿಗೆ 32 ಅಥವಾ 40 ಕಿಲೋ ಸಾಂದ್ರತೆಯದನ್ನು ಕೇಳಿ ಪಡೆಯಬೇಕು. ಹಗುರ ಫೋಮ್ ಹೊಸತಿನಲ್ಲಿ ಇನ್ನೂ ಮೆತ್ತಗಿರುತ್ತದೆ, ಆದರೆ ಬೇಗ ಕುಸಿಯುತ್ತದೆ.

ಹೊದಿಕೆಯನ್ನು ಮೊದಲು ನಾಲ್ಕು ಬದಿಗಳ ನಡುವೆ ಒಂದೊಂದು ಮೊಳೆಯಿಂದ ನಿಲ್ಲಿಸಿ, ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಹೋದರೆ ಸುಕ್ಕು ಬೀಳದು. ದಪ್ಪ ಹತ್ತಿಯ ಬಟ್ಟೆ ಇಲ್ಲಿನ ಸೆಕೆಗೆ ಹಿತ. ರೆಕ್ಸಿನ್ ಒರೆಸಲು ಸುಲಭವಾದರೂ ಬೇಸಿಗೆಯಲ್ಲಿ ಬೆವರು ತರಿಸುತ್ತದೆ. ರೇಷ್ಮೆಯ ನಾಡಿನಲ್ಲಿ ರೇಷ್ಮೆಯ ಹೊದಿಕೆ ಬೇಕೆನ್ನುವುದು ಸಹಜವಾದ ಆಸೆ. ಆದರೆ ಬಿಸಿಲು, ಬೆವರು ಮತ್ತು ತಿಕ್ಕಾಟಕ್ಕೆ ರೇಷ್ಮೆಯ ಎಳೆ ಬೇಗ ಸವೆಯುವುದರಿಂದ ಅದನ್ನು ಬೆನ್ನಿನ ದಿಂಬಿಗೆ ಮಾತ್ರ ಮೀಸಲಿಡುವುದು ಒಳಿತು.

ಬಡಗಿಗಳು ನೆರವಿಗೆ ಅರ್ಜಿ ಸಲ್ಲಿಸುವ ಬಗ್ಗೆ

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ವೃತ್ತಿಯೂ ಸೇರಿದೆ. ಯೋಜನೆಯ ಅವಧಿ 2027-28ರವರೆಗೆ ಇರುತ್ತದೆ. ಕೈಯಿಂದ ಹಾಗೂ ಕೈ ಉಪಕರಣಗಳಿಂದ ಸ್ವಂತವಾಗಿ ಕಸುಬು ನಡೆಸುತ್ತಿರುವ, 18 ವರ್ಷ ತುಂಬಿದವರು ಅರ್ಜಿ ಸಲ್ಲಿಸಬಹುದು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಹಾಗೂ ಅವರ ಕುಟುಂಬದವರು ಅರ್ಹರಲ್ಲ. ನೋಂದಣಿಯು ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಬೆರಳಚ್ಚಿನ ಮೂಲಕ ಉಚಿತವಾಗಿ ನಡೆಯುತ್ತದೆ. ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮತ್ತು ಪಡಿತರ ಚೀಟಿಯನ್ನು ಕೊಂಡೊಯ್ಯಬೇಕು.

ಅರ್ಜಿಯನ್ನು ಮೊದಲು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯು, ನಂತರ ಜಿಲ್ಲಾ ಸಮಿತಿಯು, ಕೊನೆಗೆ ಪರಿಶೀಲನಾ ಸಮಿತಿಯು ನೋಡುತ್ತವೆ. ಒಪ್ಪಿಗೆಯಾದವರಿಗೆ 5ರಿಂದ 7 ದಿನಗಳ ಮೂಲ ತರಬೇತಿ, ತರಬೇತಿಯ ದಿನಗಳಿಗೆ ದಿನವೊಂದಕ್ಕೆ ರೂ. 500 ಭತ್ಯೆ ಹಾಗೂ ಉಪಕರಣಗಳಿಗಾಗಿ ರೂ. 15,000ದವರೆಗೆ ಇ-ವೋಚರ್ ದೊರೆಯುತ್ತದೆ. ಆಧಾರವಿಲ್ಲದ ಸಾಲವು ಶೇ. 5ರ ಬಡ್ಡಿಯಲ್ಲಿ ಮೊದಲ ಕಂತು ರೂ. 1 ಲಕ್ಷದವರೆಗೆ (18 ತಿಂಗಳು), ಎರಡನೆಯ ಕಂತು ರೂ. 2 ಲಕ್ಷದವರೆಗೆ (30 ತಿಂಗಳು) ಇರುತ್ತದೆ. ಮೆತ್ತೆ ಹೊದಿಸುವ ಕೆಲಸವು ಪಟ್ಟಿಯಲ್ಲಿ ಪ್ರತ್ಯೇಕ ಕಸುಬಾಗಿ ಸೇರಿಲ್ಲ ಎಂಬುದನ್ನು ಗಮನಿಸಬೇಕು. ಕುಷನ್ ಕೆಲಸವನ್ನು ಮಾತ್ರ ಮಾಡುವವರು ಬಡಗಿ ಎಂದು ನಮೂದಿಸಿದರೆ ಪರಿಶೀಲನೆಯಲ್ಲಿ ಅರ್ಜಿ ತಿರಸ್ಕೃತವಾಗುವ ಸಂಭವವಿರುತ್ತದೆ. ಅಂತಹವರು ಬೇರೆ ಯೋಜನೆಗಳ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸುವುದು ಉಚಿತ.

ಸಾಲಕ್ಕೆ ಬ್ಯಾಂಕಿನಲ್ಲಿ ಅಂದಾಜು ಪಟ್ಟಿ ಕೇಳಿದಾಗ ಮರದ ಲೆಕ್ಕವನ್ನು ಘನ ಅಡಿಯಲ್ಲಿ ಕೊಡಬೇಕಾಗುತ್ತದೆ. ಅಡಿಗಳಲ್ಲಿ ಉದ್ದ, ಅಂಗುಲಗಳಲ್ಲಿ ಅಗಲ ಮತ್ತು ದಪ್ಪ, ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. 3 ಅಡಿ ಉದ್ದ, 4 ಅಂಗುಲ ಅಗಲ, 2 ಅಂಗುಲ ದಪ್ಪದ ತುಂಡು ಘನ ಅಡಿಯ ಆರನೆಯ ಒಂದು ಭಾಗವಾಗುತ್ತದೆ. ಕೊಯ್ತ, ಕೆತ್ತನೆಗಳಲ್ಲಿ ಹೋಗುವ ಮರವನ್ನೂ ಸೇರಿಸಿಕೊಳ್ಳಬೇಕು. ಬಾಗಿದ ಹಿಂಗಾಲುಗಳಲ್ಲಿ ಈ ನಷ್ಟ ಹೆಚ್ಚು. ಇದನ್ನು ಬಿಟ್ಟು ಬೆಲೆ ಹೇಳಿದ ಬಡಗಿಗೆ ಕೂಲಿ ಗಿಟ್ಟುವುದಿಲ್ಲ.

ಹಳೆಯ ಕುರ್ಚಿಗಳ ದುರಸ್ತಿ

ಸಡಿಲವಾದ ಕುರ್ಚಿಗೆ ಮೊಳೆ ಹೊಡೆಯಬಾರದು. ಜೋಡಣೆಯನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಮರ ಕಾಣುವವರೆಗೆ ಕೆರೆದು, ನಾಲಗೆ ತೆಳುವಾಗಿದ್ದರೆ ಅದೇ ಜಾತಿಯ ಮರದ ತೆಳುಪಟ್ಟಿ ಅಂಟಿಸಿ ಮತ್ತೆ ಕೂಡಿಸಬೇಕು. ಬೆತ್ತ ಹೆಣೆದ ಆಸನವಿರುವ ಹಳೆಯ ತೋಳುಕುರ್ಚಿಗಳು ಸರ್ಕಾರಿ ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ಅವುಗಳ ಚೌಕಟ್ಟು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ, ಹರಿದಿರುವುದು ಬೆತ್ತ ಮಾತ್ರ. ಬೆತ್ತ ಹೆಣೆಯುವುದು ದೃಷ್ಟಿಹೀನರಿಗೆ ತರಬೇತಿ ಸಂಸ್ಥೆಗಳಲ್ಲಿ ಕಲಿಸುತ್ತ ಬಂದಿರುವ ಕಸುಬು. ಇಂತಹ ಕುರ್ಚಿಯನ್ನು ಗುಜರಿಗೆ ಹಾಕುವ ಮುನ್ನ ಹೆಣೆಯುವವರನ್ನು ವಿಚಾರಿಸಬಹುದು. ಬೆತ್ತವನ್ನು ನೀರಿನಲ್ಲಿ ನೆನೆಸಿ ಹೆಣೆದರೆ ಆರಿದ ಮೇಲೆ ತಾನಾಗಿ ಬಿಗಿಯುತ್ತದೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬೆತ್ತ ಸಿಡಿಯುವುದಿಲ್ಲ.